ಹನ್ನೆರಡು ಮೀಟರ್ ಹಗ್ಗ

ವಾಲ್ಪರೈಸೋದ ಗುಡ್ಡಕ್ಕೆ ಹತ್ತುವ ಹಳೆಯ ಲಿಫ್ಟು,
ಹಳಿಯ ಮೇಲೆ ಓರೆಯಾಗಿ ಓಡಾಡುವ ಮರದ ಡಬ್ಬಿ.
ರಿಪೇರಿಗೆ ಒಂಬತ್ತು ತಿಂಗಳು
ಎಂದು ಬೋರ್ಡು ಬರೆಸಿದವಳು ನಾನೇ.
ಕೆಳಗೆ ನನ್ನ ಹೆಸರು: ರೊಸೌರಾ ಇಬಕಾಚೆ,
ಪ್ರಾಜೆಕ್ಟ್ ಮ್ಯಾನೇಜರ್.
ಈಗ ನಡೆಯುತ್ತಿರುವುದು ಹದಿನಾಲ್ಕನೆಯದು.
ಒಂಬತ್ತರ ಪಕ್ಕ ಯಾರೋ ಇದ್ದಿಲಿನಲ್ಲಿ
ಒಂದು ಸೊನ್ನೆ ಸುತ್ತಿಟ್ಟಿದ್ದಾರೆ.
ಒರೆಸಲು ಹೋದೆ. ಕೈ ಬರಲಿಲ್ಲ.

ಮೊದಮೊದಲು ಟ್ಯಾಕ್ಸಿಯಲ್ಲಿ ಬರುತ್ತಿದ್ದೆ,
ಗುಡ್ಡದ ಬೆನ್ನಿನ ರಸ್ತೆಯಿಂದ.
ಲ್ಯಾಪ್‌ಟಾಪಿನಲ್ಲಿ ಬಣ್ಣದ ಪಟ್ಟಿಗಳು,
ಒಂದರ ಬಾಲ ಕಚ್ಚಿಕೊಂಡು ಇನ್ನೊಂದು:
ಹಸಿರೆಂದರೆ ಸರಿಯಿದೆ,
ಹಳದಿಯೆಂದರೆ ಸರಿಹೋದೀತು,
ಕೆಂಪೆಂದರೆ ಸೋಮವಾರ ಸಭೆ.

ಟ್ಯಾಕ್ಸಿ ಬಿಡಿಸಿದ್ದು ಕಿಲೋದ್ರಾನ್.
ಗ್ಯಾಸ್ ಸಿಲಿಂಡರ್ ಹೆಗಲಿಗೇರಿಸಿ
ಇನ್ನೂರ ಹದಿನಾಲ್ಕು ಮೆಟ್ಟಿಲು ಹತ್ತುವವನು,
ನನ್ನ ದಯೆಯಿಂದ, ದಿನಕ್ಕೆ ಹನ್ನೊಂದು ಸಲ.
ಒಂದು ದಿನ ಅವನ ಹಿಂದೆ ಹತ್ತಿದೆ, ಬರಿಗೈಯಲ್ಲಿ.
ಮೂರನೇ ತಿರುವಿಗೆ ಸಿಲಿಂಡರ್ ಇಳಿಸಿ ಕೂತ.
'ಸುಸ್ತಾಯಿತೇ?' ಎಂದೆ, ಏದುಸಿರು ಬಿಡುತ್ತ.
'ಇನ್ನೂ ಇಲ್ಲ, ಅದಕ್ಕೇ ಕೂತೆ.
ಸುಸ್ತಾದ ಮೇಲೆ ಕೂತರೆ
ಎತ್ತಬೇಕಾದ್ದು ಸಿಲಿಂಡರ್ ಒಂದೇ ಅಲ್ಲ, ನನ್ನನ್ನೂ.'
ಆ ವಾರ ವೆಲ್ಡರುಗಳಿಗೆ ಭಾನುವಾರದ ರಜೆ ವಾಪಸು ಕೊಟ್ಟೆ.
ಪಟ್ಟಿ ಕೆಂಪಾಯಿತು. ಆಗಲಿ.

ನಿಬಾಲ್ದೋನ ವಿಷಯ ಹೇಳಲೇಬೇಕು.
ಎಂಟನೇ ಕಂಬದ ಬುಡ ಕೊಳೆತದ್ದು
ಅವನಿಗೆ ಮೂರನೇ ವಾರವೇ ಗೊತ್ತಿತ್ತು,
ನನಗೆ ಗೊತ್ತಾದದ್ದು ಆರನೇ ತಿಂಗಳು,
ಸಭೆಯಲ್ಲಲ್ಲ. ಮೆಟ್ಟಿಲ ಮೇಲೆ,
ಅವನು ಬೇಯಿಸಿದ ಮೊಟ್ಟೆ ಸುಲಿಯುವಾಗ.
'ಯಾಕೆ ಹೇಳಲಿಲ್ಲ ಮಾರಾಯ?'
'ನೀವು ಕೇಳಲಿಲ್ಲ,' ಅಂದ, ಉಪ್ಪು ಉದುರಿಸಿಕೊಳ್ಳುತ್ತ.
ಕೇಳಿದ್ದೆನಲ್ಲ, ಪ್ರತಿ ಸೋಮವಾರ:
ಎಲ್ಲ ಸರಿಯಿದೆ ತಾನೇ?
ಅದು ಪ್ರಶ್ನೆಯಲ್ಲವೆಂದು
ಆ ಮೊಟ್ಟೆಯ ಸಿಪ್ಪೆ ನೋಡುತ್ತ ಕೂತಾಗ ಹೊಳೆಯಿತು.
ಅದು ಬಾಗಿಲು ಹಾಕಿಕೊಳ್ಳುವ ಸದ್ದು.
ಈಗ ಬೇರೆ ಥರ ಕೇಳುತ್ತೇನೆ:
ಯಾವುದು ನಿನ್ನ ನಿದ್ದೆ ಕೆಡಿಸಿದೆ?
ಕೆಲವರು ಹೆಂಡತಿಯ ಗೊರಕೆ ಅನ್ನುತ್ತಾರೆ.
ಅದನ್ನೂ ಬರೆದುಕೊಳ್ಳುತ್ತೇನೆ.

ಉಳಿದದ್ದಕ್ಕೆ ಪಾಠವೇನೂ ಇಲ್ಲ.
ಉಕ್ಕಿನ ಹಗ್ಗ ನಾಲ್ಕು ತಿಂಗಳಿಂದ ಬಂದರಿನಲ್ಲಿದೆ,
ಇಲ್ಲಿಂದಲೇ ಕಾಣುತ್ತದೆ ಅದರ ಕಂಟೇನರು,
ಒಂದು ಸಹಿ ಕಡಿಮೆಯಾಗಿ.
ಹಳಿಯ ಮೇಲೆ ಕಂದು ನಾಯಿಯೊಂದು ಮಲಗುತ್ತದೆ,
ಇಡೀ ಗುಡ್ಡದಲ್ಲಿ ನನ್ನ ವಿಳಂಬದಿಂದ
ಲಾಭವಾದದ್ದು ಅದೊಂದಕ್ಕೇ.

ಕೊನೆಗೂ ಎದೆಲ್ಮೀರಾ ಅಜ್ಜಿಯ ಮನೆಗೆ ಹೋದೆ.
ಮಂಡಿ ನೋವು; ಲಿಫ್ಟು ನಿಂತಂದಿನಿಂದ ಕೆಳಗಿಳಿದಿಲ್ಲ.
ಕಿಟಕಿಯಿಂದ ಬುಟ್ಟಿ ಬಿಡುತ್ತಾಳೆ,
ಬ್ರೆಡ್ಡಿನವನು ತುಂಬಿಸುತ್ತಾನೆ.
ಹೊಸ ತಾರೀಖು ಬಾಯಿಪಾಠ ಮಾಡಿಕೊಂಡಿದ್ದೆ,
ಕಾರಣಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ.
ಅವಳು ಕೈ ಎತ್ತಿದಳು:
'ತಾರೀಖು ನೀನೇ ಇಟ್ಟುಕೋ ಮಗಳೇ.
ಬುಟ್ಟಿಯ ಹಗ್ಗ ಸವೆದಿದೆ,
ಒಂದು ಹೊಸದು ತಂದುಕೊಡು.'

ಮರುದಿನ ಮರೆತೆ.
ಅದರ ಮರುದಿನವೂ.
ಮೂರನೇ ದಿನ ಅಂಗೈಯಲ್ಲಿ ಪೆನ್ನಿಂದ ಬರೆದುಕೊಂಡು,
ಬಂದರಿನ ಅಂಗಡಿಯಲ್ಲಿ ಅಳೆಸಿ, ಚೌಕಾಸಿ ಮಾಡಿ,
ಇನ್ನೂರ ಹದಿನಾಲ್ಕು ಹತ್ತಿ,
ಮೂರನೇ ತಿರುವಿನಲ್ಲಿ ಕೂತು, ಎದ್ದು,
ಕಿಟಕಿಯ ಸರಳಿಗೆ ನಾನೇ ಕಟ್ಟಿದೆ.
ಹದಿನಾಲ್ಕು ತಿಂಗಳಲ್ಲಿ
ನಾನು ಪೂರಾ ಮುಗಿಸಿಕೊಟ್ಟ ಮೊದಲ ಕೆಲಸ:
ಹನ್ನೆರಡು ಮೀಟರ್ ನೈಲಾನ್ ಹಗ್ಗ, ನೀಲಿ.

ಇಳಿಯುವಾಗ ಏನೋ ಹಗುರ.
ಬೋರ್ಡಿನ ಸೊನ್ನೆಗೆ ನಮಸ್ಕಾರ ಹೇಳುವಷ್ಟು.

ಸಂಜೆ ಬುಟ್ಟಿ ನಿಧಾನ ಕೆಳಗೆ ಬಂತು, ನನ್ನ ಮೂಗಿನೆದುರಿಗೆ.
ಒಳಗೊಂದು ಚೀಟಿ:
'ಗಂಟು ಸಡಿಲ.
ನಾಳೆ ಬಂದು ಬಿಗಿಮಾಡು.'